ಸಾಕ್ಷಿ ಹೇಳಿದವಳು

ನಮ್ಮ ಕ್ರೈಸ್ತ ದೇವಾಲಯದ ವೇದಿಕೆಗೆ ಸೊಂಟದೆತ್ತರದ ಮರದ ಕಟಕಟೆಯಿತ್ತು. ಭಾನುವಾರ ಸಾಕ್ಷಿ ಹೇಳಲು ನಾನು ಒಳಗೆ ಕಾಲಿಟ್ಟೊಡನೆ ಯಾರಾದರೂ ಹಿಂದಿನಿಂದ ಅದರ ಕಿರುಬಾಗಿಲನ್ನು ಮುಚ್ಚುತ್ತಿದ್ದರು. ಆ ಚಿಲಕದ ಸದ್ದು ಕೇಳಿದರೆ ಸಾಕು, ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು.

"ಹನ್ನೆರಡು ವರ್ಷ ಮೂರ್ಛೆ ಬೀಳುತ್ತಿದ್ದೆ. ನಮ್ಮ ಪಾದ್ರಿ ಎಜ್ರ ಅಯ್ಯನವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಂದಿನಿಂದ ಒಂದು ಸಲವೂ ಬಿದ್ದಿಲ್ಲ."

ಸಭೆಯೆಲ್ಲ ಸ್ತೋತ್ರ ಸ್ತೋತ್ರವೆನ್ನುತ್ತಿತ್ತು.

ಆ ಸಾಕ್ಷಿಯಲ್ಲಿ ಒಂದು ಮಾತೂ ಸುಳ್ಳಲ್ಲ. ಪ್ರಾರ್ಥನೆ ನಡೆದದ್ದು ನಿಜ, ಅಯ್ಯನವರ ಅಂಗೈ ಬಿಸಿಯಾಗಿದ್ದದ್ದು ನಿಜ, ಆಮೇಲೆ ನಾನು ಬೀಳದಿದ್ದದ್ದೂ ನಿಜ. ಹೇಳದೆ ಬಿಟ್ಟದ್ದು ಒಂದೇ. ಆ ಪ್ರಾರ್ಥನೆಗೆ ಹದಿನೈದು ದಿನ ಮೊದಲೇ, ನನ್ನನ್ನು ಸಾಕಿದ ಸಾರಮ್ಮ ದೊಡ್ಡಮ್ಮ ನನ್ನನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ಅಲ್ಲಿ ಕೊಟ್ಟ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸದೆ ನುಂಗುತ್ತಿದ್ದೆ.

ಮೊದಲ ಭಾನುವಾರವೇ ಹೇಳಬಹುದಿತ್ತು. ಆದರೆ ಅದುವರೆಗೆ ನನ್ನ ಪಕ್ಕ ಕೂರಲು ಹೆದರುತ್ತಿದ್ದ ಹೆಂಗಸರು ಅಂದು ನನ್ನ ಕೈಹಿಡಿದು ಅತ್ತರು. ಎರಡನೆಯ ವಾರ ಬೇರೆ ಊರುಗಳಿಂದ ಜನ ಬಂದರು. ಮೂರನೆಯ ವಾರಕ್ಕೆ ಹೊರಬರುವ ದಾರಿಯೇ ಉಳಿದಿರಲಿಲ್ಲ. ಹೀಗೇ ಎರಡು ವರ್ಷ ಕಳೆಯಿತು. ಮಾತ್ರೆ ನುಂಗುವಾಗ ಕಿಟಕಿ ಮುಚ್ಚುತ್ತಿದ್ದೆ. ಪರರ ಮನೆಯಲ್ಲಿ ತಂಗಬೇಕಾಗಿ ಬಂದರೆ ಮಾತ್ರೆಯನ್ನು ಬಚ್ಚಿಡುತ್ತಿದ್ದೆ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸುಗುಣಾ ಎಂಬಾಕೆ ತನ್ನ ಐದು ವರ್ಷದ ಮಗಳು ರೋದೆಯನ್ನು ಎತ್ತಿಕೊಂಡು ನನ್ನ ಬಳಿ ಬಂದಳು.

"ಅಕ್ಕಾ, ಇವಳಿಗೂ ನಿಮ್ಮ ಥರಾನೇ ಫಿಟ್ಸು. ನಿಮ್ಮ ಸಾಕ್ಷಿ ಕೇಳಿ ಧೈರ್ಯ ಬಂತು. ಗುರುವಾರದಿಂದ ಮಾತ್ರೆ ನಿಲ್ಲಿಸ್ಬಿಟ್ಟೆ. ಸರಿ ಮಾಡಿದ್ನಲ್ವಾ?"

ಸುತ್ತ ಹತ್ತು ಜನ ಕಿವಿಗೊಟ್ಟಿದ್ದರು.

"ಕರ್ತನು ನೋಡ್ಕೋತಾನೆ" ಎಂದೆ. ರೋದೆ ನನ್ನ ಬಳೆಯನ್ನು ತಿರುಗಿಸುತ್ತ ಆಡುತ್ತಿದ್ದಳು.

ಮನೆಗೆ ಬಂದು ಊಟಕ್ಕೆ ಕೂತವಳು ತಟ್ಟೆಯನ್ನು ಸರಿಸಿಬಿಟ್ಟೆ. ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ತನ್ನ ತಟ್ಟೆಯನ್ನೂ ಪಕ್ಕಕ್ಕೆ ಸರಿಸಿದಳು.

"ಈಗ ನಿಜ ಹೇಳಿದ್ರೆ ಜನರ ನಂಬಿಕೆ ಬಿದ್ದುಹೋಗಲ್ವಾ, ದೊಡ್ಡಮ್ಮ?"

"ಸತ್ಯ ಅಂದ್ರೆ ಬರೀ ಮಾತು ಅಂದ್ಕೊಂಡಿದ್ದೀಯಾ? ಕ್ರಿಸ್ತನೇ ಸತ್ಯ ಅಂತ ತಾನೆ ನಾವು ನಂಬಿರೋದು? ಮಾತ್ರೆ ಜೊತೆ ಆತನನ್ನೂ ಮುಚ್ಚಿಟ್ಟಿದ್ದೀಯ. ನಿನ್ನ ಸುಳ್ಳನ್ನ ಊರುಗೋಲು ಮಾಡ್ಕೊಂಡು ನಡೆಯೋವಷ್ಟು ಬಡವನಾ ಆತ? ನಾನೂ ಬಾಯಿ ಮುಚ್ಕೊಂಡಿದ್ದೆ, ನನ್ನ ಪಾಲಿನ ಪಾಪ ನನಗಿದೆ. ಏಳು, ಮೊದಲು ಆ ಮಗು ಹತ್ರ ಹೋಗು."

ಸುಗುಣಾಳ ಮನೆಗೆ ಬೀಗ ಬಿದ್ದಿತ್ತು. ಮಗುವಿಗೆ ಫಿಟ್ಸು ಜೋರಾಗಿ ಬಂತು, ಆಸ್ಪತ್ರೆಗೆ ಒಯ್ದರು ಎಂದು ನೆರೆಯವರು ಹೇಳಿದರು. ಓಡಿದೆ. ರೋದೆಗೆ ಪ್ರಜ್ಞೆಯಿರಲಿಲ್ಲ. ಕಚ್ಚಿಕೊಂಡ ತುಟಿ ಊದಿತ್ತು. ಮಂಚದ ಆಚೆ ಎಜ್ರ ಅಯ್ಯನವರು ನಿಂತಿದ್ದರು.

"ನನ್ನ ನಂಬಿಕೇಲೇ ಏನೋ ಕೊರತೆ ಇತ್ತು ಅಕ್ಕಾ" ಎಂದು ಸುಗುಣಾ ಬಿಕ್ಕಿದಳು.

ಅಲ್ಲಿ ಕಟಕಟೆಯಿರಲಿಲ್ಲ, ಚಿಲಕ ಹಾಕುವವರೂ ಇರಲಿಲ್ಲ. ಇಲ್ಲಿ ಬಾಯಿಯನ್ನು ನಾನೇ ತೆರೆಯಬೇಕಿತ್ತು.

"ನಿನ್ನ ನಂಬಿಕೇಲಿ ಏನೂ ಕೊರತೆ ಇಲ್ಲಮ್ಮ. ನಾನು ಇವತ್ತು ಬೆಳಿಗ್ಗೇನೂ ಮಾತ್ರೆ ತಗೊಂಡಿದ್ದೀನಿ. ಎರಡು ವರ್ಷದಿಂದ ಒಂದು ದಿನಾನೂ ಬಿಟ್ಟಿಲ್ಲ."

ಸುಗುಣಾ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಕೈ ತಾಗಿದ್ದ ಮಗುವಿನ ಹೊದಿಕೆಯನ್ನು ತನ್ನ ಕಡೆಗೆ ಎಳೆದುಕೊಂಡಳು, ಅಷ್ಟೇ.

ಅಯ್ಯನವರ ಸಿಟ್ಟಿಗೆ ಕಾದು ನಿಂತೆ. ಅವರು ನೆಲ ನೋಡುತ್ತಿದ್ದರು.

"ನನಗೆ ಗೊತ್ತಿತ್ತು. ಹೋದ ವರ್ಷ ನಮ್ಮ ಮನೇಲಿ ಉಳ್ಕೊಂಡಿದ್ಯಲ್ಲ, ಆಗ ನೀನು ಮಾತ್ರೆ ದಿಂಬಿನ ಕೆಳಗೆ ಬಿಟ್ಟಿದ್ದೆ. ನಾನೇ ನಿನ್ನ ಚೀಲಕ್ಕೆ ಹಾಕ್ದೆ. ಕೇಳಿದ್ರೆ ಎಲ್ಲಿ ನಿಜ ಹೇಳ್ಬಿಡ್ತೀಯೋ ಅಂತ ಹೆದರ್ಕೊಂಡೆ."

ಮುಂದಿನ ಭಾನುವಾರ ಅವರೂ ನಾನೂ ಸಭೆಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆವು. ಅರ್ಧ ಜನ ಎದ್ದುಹೋದರು. ನನ್ನ ಪಕ್ಕದ ಜಾಗ ಬಹಳ ಕಾಲ ಖಾಲಿಯಿತ್ತು. ಸುಗುಣಾ ನನ್ನೊಡನೆ ಮತ್ತೆ ಮಾತಾಡಲಿಲ್ಲ. ಮಾತಾಡೆಂದು ಕೇಳುವ ಮುಖವೂ ನನಗಿರಲಿಲ್ಲ.

ಆದರೆ ಅದಕ್ಕೂ ಮೊದಲು, ಆಸ್ಪತ್ರೆಯ ಮೂರನೆಯ ಬೆಳಿಗ್ಗೆ, ರೋದೆ ಕಣ್ಣುಬಿಟ್ಟಿದ್ದಳು. ದೇವಾಲಯವನ್ನೆಲ್ಲ ತುಂಬುತ್ತಿದ್ದ ಕಂಠದ ಅಯ್ಯನವರು ಒಂದು ಮಾತೂ ಆಡದೆ ಮಂಚದ ಬಳಿ ಮೊಣಕಾಲೂರಿದ್ದರು. ಔಷಧಿಯ ಪುಟ್ಟ ಲೋಟವನ್ನು, ಪ್ರಭುಭೋಜನದ ದ್ರಾಕ್ಷಾರಸದ ಪಾತ್ರೆಯನ್ನು ಹಿಡಿಯುವಷ್ಟೇ ಜೋಪಾನವಾಗಿ, ಎರಡೂ ಕೈಗಳಲ್ಲಿ ಅವಳ ತುಟಿಗೆ ಹಿಡಿದಿದ್ದರು.