ಆಚೆ ಕಂಬದ ಅಣ್ಣ

ನಾನೊಂದು ಎಡಗಾಲಿನ ಚಪ್ಪಲಿ. ಹುಟ್ಟುವಾಗ ಒಂಟಿಯಾಗಿರಲಿಲ್ಲ. ಧಾರವಾಡದ ಒಂದು ಆಸ್ಪತ್ರೆಯ ಎದುರಿನ ಗೂಡಂಗಡಿಯಲ್ಲಿ ಯಮನಪ್ಪ ಮೆತ್ತನೆಯ ಕಪ್ಪು ರಬ್ಬರು ಕತ್ತರಿಸಿ, ಅಗಲ ಪಟ್ಟಿ ಹೊಲಿದು, ಮೊದಲು ಬಲಗಾಲಿನದನ್ನು, ಆಮೇಲೆ ನನ್ನನ್ನು ಮಾಡಿದ. ಹಾಗಾಗಿ ಅವನು ಅಣ್ಣ. ನಾವು ಸಕ್ಕರೆ ಕಾಯಿಲೆಯವರ ಚಪ್ಪಲಿಗಳು. ಚೆಲುವಿಲ್ಲ, ಒಪ್ಪುತ್ತೇನೆ. ಮದುವೆಮನೆಯ ಬಾಗಿಲಲ್ಲಿ ಜರಿ ಚಪ್ಪಲಿಗಳು ನಮ್ಮನ್ನು ಕಂಡು ಮೂಗು ಮುರಿದದ್ದುಂಟು. ಆದರೆ ಕಾಲು ಉಳಿಸುವ ಕೆಲಸ ಅವುಗಳಿಗೆ ಯಾರೂ ಒಪ್ಪಿಸಿರಲಿಲ್ಲ.

ನಮ್ಮನ್ನು ಕೊಂಡವರು ನಿವೃತ್ತ ಶಿಕ್ಷಕಿ ನೀಲಾಂಬಿಕಾ ಟೀಚರು. ಅವರ ಅಂಗಾಲಿಗೆ ಮುಳ್ಳು ಚುಚ್ಚಿದರೂ ಬೆಂಕಿ ತಾಗಿದರೂ ತಿಳಿಯುತ್ತಿರಲಿಲ್ಲ. "ಬರಿಗಾಲಲ್ಲೆ ಅಡ್ಡಾಡಿದರ ಒಂದಿನ ಕಾಲ ಕಳಕೋತೀರಿ," ಎಂದು ಡಾಕ್ಟರು ಎಚ್ಚರಿಸಿದ್ದರು. ಟೀಚರು ಎಲ್ಲ ಕಡೆ ಆ ಮಾತು ಪಾಲಿಸಿದರು, ಗುಡಿಯೊಂದನ್ನು ಬಿಟ್ಟು. ಅಲ್ಲಿ ನನ್ನನ್ನು ಬೇವಿನ ಬುಡದಲ್ಲೂ ಅಣ್ಣನನ್ನು ನಲ್ಲಿಯ ಹತ್ತಿರವೂ ಬಿಡುತ್ತಿದ್ದರು. ಜೋಡಿ ಇಲ್ಲದ ಚಪ್ಪಲಿಯನ್ನು ಕಳ್ಳ ಮುಟ್ಟುವುದಿಲ್ಲ ಎಂಬುದು ಅವರ ನಂಬಿಕೆ. ನಾವು ಒಮ್ಮೆಯೂ ಕಳೆದುಹೋಗಿರಲಿಲ್ಲ.

ಎರಡನೆಯ ವರ್ಷ ಟೀಚರು ತಮ್ಮ ಶಾಲೆಯ ಗೆಳತಿಯರಾದ ಜೈತುನ್ ಮತ್ತು ಶಶಿಕಲಾ ಜೊತೆ ರೋಮ್‌ಗೆ ಹೋದರು. ಜುಲೈ ತಿಂಗಳ ಕೆಂಡದಂಥ ಬಿಸಿಲು. ನಾನು ಕಂಡ ರೋಮ್ ನೆಲದ ಮಟ್ಟದ್ದು: ಕಪ್ಪು ಚೌಕ ಕಲ್ಲುಗಳು, ಐಸ್‌ಕ್ರೀಮಿನ ಹನಿ, ಪಾರಿವಾಳದ ಹಿಕ್ಕೆ, ಲೆಕ್ಕವಿಲ್ಲದಷ್ಟು ಬೂಟುಗಳು. ಮೊದಲ ದಿನ ಬೆಳಿಗ್ಗೆ ಕೊಲೋಸಿಯಂ ನೋಡಿ, ಕಾರಂಜಿಯೊಂದರ ಮುಂದೆ ಫೋಟೊ ತೆಗೆಸಿಕೊಂಡು, ಮೂವರೂ ಶಾಲೆಯ ಹುಡುಗಿಯರ ಹಾಗೆ ನಕ್ಕರು. ಆ ನಗು ಮಧ್ಯಾಹ್ನದವರೆಗೆ ಮಾತ್ರ.

ದೊಡ್ಡದೊಂದು ಚರ್ಚಿನ ಮೆಟ್ಟಿಲ ಮೇಲೆ ಟೀಚರು ನಮ್ಮ ಪಟ್ಟಿ ಬಿಚ್ಚತೊಡಗಿದರು.

"ನೀಲಕ್ಕಾ, ಇಲ್ಲೆ ಎಲ್ಲಾರೂ ಬೂಟ ಹಾಕ್ಕೊಂಡ ಹೊಂಟಾರ," ಎಂದರು ಜೈತುನ್.

"ಅವರು ಹೋಗ್ಲಿ ಬಿಡ. ದೇವರ ಮುಂದ ಚಪ್ಪಲಿ ಮೆಟ್ಟಿ ನಿಲ್ಲೂದು ನನ್ನ ಕಡಿಂದ ಆಗೂದಿಲ್ಲ. ಐದ ನಿಮಿಷದ ಮಾತು, ಒಳಗ ತಂಪ ಇರತೈತಿ."

ನಾನು ಬಾಗಿಲಿನ ಈಚೆ ಕಂಬದ ಹಿಂದೆ, ಅಣ್ಣ ಆಚೆ ಕಂಬದ ಹಿಂದೆ.

ಐದು ನಿಮಿಷ ಅರ್ಧ ಗಂಟೆಯಾಯಿತು. ಕಸ ಗುಡಿಸುವವನೊಬ್ಬ ಬಂದ. ಒಂಟಿ ಚಪ್ಪಲಿಯನ್ನು ಕಳ್ಳ ಮುಟ್ಟುವುದಿಲ್ಲ, ಸರಿ. ಆದರೆ ಕಸ ಗುಡಿಸುವವನಿಗೆ ಅದು ಕಸವೇ. ಅವನು ಅಣ್ಣನನ್ನು ಎತ್ತಿ ಚೀಲಕ್ಕೆ ಹಾಕಿದ. ಜೋಡಿಯಾಗಿದ್ದರೆ ಯಾರದೋ ಇರಬೇಕೆಂದು ಬಿಡುತ್ತಿದ್ದನೇನೋ. ಕೂಗಲು ನನಗೆ ಬಾಯಿಲ್ಲ, ಓಡಲು ನನಗೆ ಕಾಲಿಲ್ಲ. ಅಷ್ಟು ಅಸಹಾಯಕತೆಯನ್ನು ನಾನು ಮತ್ತೆಂದೂ ಅನುಭವಿಸಿಲ್ಲ.

ಒಳಗೆ ಹೋದವರನ್ನೆಲ್ಲ ಹಿಂಬಾಗಿಲಿನಿಂದ ಹೊರಗೆ ಬಿಡುತ್ತಿದ್ದರಂತೆ. ಟೀಚರು ಚರ್ಚನ್ನು ಪೂರ್ತಿ ಸುತ್ತು ಹಾಕಿ, ಕಾದ ಕಲ್ಲಿನ ಮೇಲೆ, ಗೆಳತಿಯರೊಡನೆ ಮಾತಾಡುತ್ತ ಆರಾಮವಾಗಿ ನಡೆದು ಬಂದರು. ಎಡಗಾಲು ನನ್ನೊಳಗೆ ಇಳಿದಾಗ ಒದ್ದೆಯಾಗಿತ್ತು.

ಬಲಗಾಲು ಹಾಗೇ ಗಾಳಿಯಲ್ಲಿ ನಿಂತಿತು.

ಶಶಿಕಲಾ ಒಂದೊಂದೇ ಕಂಬದ ಹಿಂದೆ ಹುಡುಕಿದರು, ಕಸದ ಡಬ್ಬಿಗೂ ಕೈ ಹಾಕಿದರು, ಅಳುತ್ತ ವಾಪಸು ಬಂದರು. ಜೈತುನ್ ಮೆಟ್ಟಿಲ ಮೇಲೆ ಕುಳಿತು ಆ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡರು. ಅಂಗಾಲಿನ ತುಂಬ ಬೊಬ್ಬೆ, ಕೆಲವು ಒಡೆದಿದ್ದವು.

"ನೀಲಕ್ಕಾ, ಉರಿಯೂದಿಲ್ಲೇನ?"

"ಇಲ್ಲವಾ. ಏನೂ ಗೊತ್ತಾಗವಲ್ದು."

ಜೈತುನ್ ತಮ್ಮ ಬೂಟು ಬಿಚ್ಚಿ ಆ ಕಾಲಿಗೆ ತುರುಕಿ ನೋಡಿದರು. ಹಿಡಿಸಲಿಲ್ಲ. ಕೊನೆಗೆ ದುಪಟ್ಟಾ ಸುತ್ತಿ, ಇಬ್ಬರೂ ಹೆಗಲು ಕೊಟ್ಟು ಟೀಚರನ್ನು ಬಸ್ಸಿನವರೆಗೆ ನಡೆಸಿದರು.

ಊರಿಗೆ ಬಂದ ಮೇಲೆ ಎಡಗಾಲಿನ ಗಾಯ ಮಾಯಿತು. ಬಲಗಾಲಿನದು ಮಾಯಲಿಲ್ಲ.

ಮೊನ್ನೆ ನನ್ನ ಪಟ್ಟಿ ಕಿತ್ತಿತು. ಜೈತುನ್ ನನ್ನನ್ನು ಯಮನಪ್ಪನ ಬಳಿ ಒಯ್ದರು. ಅವನು ತನ್ನ ಕೈಕೆಲಸದ ಗುರುತು ಹಿಡಿದ.

"ಜೋಡಿ ಎಲ್ಲೈತ್ರಿ ಅಕ್ಕಾರ? ಬಲಗಾಲಿಂದೂ ತರ್ರಿ, ಎರಡೂ ಕೂಡೇ ಹೊಲದ ಕೊಡ್ತೇನಿ."

"ಬ್ಯಾಡಪ್ಪ. ಇದೊಂದ ಸಾಕು."

ಯಮನಪ್ಪನ ಉಳಿ ನಿಂತಿತು. ಆಮೇಲೆ ಅವನು ಎರಡೆರಡು ಸಲ ದಾರ ಹಾಕಿ ಹೊಲಿದ.

ಈಗ ನನ್ನ ಜಾಗ ಮಂಚದ ಪಕ್ಕ, ಊರುಗೋಲುಗಳ ಜೊತೆ. ನನ್ನ ರಬ್ಬರು ಸವೆದಿದೆ. ನಾವಿಬ್ಬರೂ ಭದ್ರವಾಗಿರಲೆಂದೇ ಟೀಚರು ನಮ್ಮನ್ನು ಬೇರೆ ಮಾಡಿದ್ದು. ಅದನ್ನು ನೆನೆದಾಗ ಅವರ ಮೇಲೆ ಸಿಟ್ಟೂ ಬರುವುದಿಲ್ಲ. ಪ್ರತಿ ಸೋಮವಾರ ಜೈತುನ್ ಟೀಚರನ್ನು ಗುಡಿಗೆ ಕರೆದೊಯ್ಯುತ್ತಾರೆ. ಟೀಚರು ಬೇವಿನ ಮರದ ಹತ್ತಿರ ಊರುಗೋಲಿಗೆ ಆತು ನಿಂತು, ಹೊರಗಿನಿಂದಲೇ ಕೈ ಮುಗಿಯುತ್ತಾರೆ. ನನ್ನನ್ನು ಬಿಚ್ಚುವುದಿಲ್ಲ.