ಎಂಟು ಪೆಟ್ಟಿಗೆ ಕಬ್ಬಿಣ, ಅಡಿಯಲ್ಲೊಂದು ಹಲಗೆ

"ಶನಿವಾರ ಮಧ್ಯಾಹ್ನ ಲಾರಿ ಬರುತ್ತೆ. ಹೇರೋದು, ದಾಟೋದು, ಇಳಿಸೋದು. ಅಷ್ಟೇ ಕಣೇ, ಮುಗೀತು!" ಎಂದು ಇಂಜಿನ್ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಊಟಕ್ಕೆ ಕೂತ.

ಆ ಊರಿಗೆ ಇರುವುದು ಒಂದೇ ರಸ್ತೆ. ಅದೂ ನದಿ ಸಮುದ್ರ ಸೇರುವ ಅಳಿವೆಯ ದಂಡೆಗೆ ಬಂದು ನಿಂತುಬಿಡುತ್ತದೆ. ಆಚೆ ದಡಕ್ಕೆ ಹೋಗಬೇಕಾದರೆ ಬಾರ್ಜನ್ನೇ ಹತ್ತಬೇಕು. ಸಿಮೆಂಟು, ಐಸು, ಆಸ್ಪತ್ರೆಗೆ ಹೋಗುವವರು, ಮೇಷ್ಟರ ಸೈಕಲ್ಲು ಎಲ್ಲ ದಾಟುವುದು ಅದರ ಮೇಲೆಯೇ. ದೋಣಿ ರಿಪೇರಿಯ ಕಾರ್ಖಾನೆ ಈಗ ಆಚೆ ದಡಕ್ಕೆ ಹೋಗಿದೆ. ಮೇಸ್ತ್ರಿಯ ಕೆಲಸವೂ ಅದರ ಹಿಂದೆಯೇ ಹೋಗಿದೆ. ಹಾಗಾಗಿ ಮನೆಯೂ ಹೋಗಬೇಕು.

ಆದರೆ ಅವನ ಹೆಂಡತಿಗೆ ಆಚೆ ದಡ ಅಂದರೆ ಬರೀ ಗಂಡನ ಕೆಲಸವಲ್ಲ. ಅಲ್ಲಿ ನೋಡಿಟ್ಟ ಮನೆಗೆ ರಸ್ತೆಗೆ ಬಾಗಿಲಿರುವ ಒಂದು ಮುಂಗೋಣೆ ಇದೆ. ಒಂಬತ್ತು ವರ್ಷಗಳಿಂದ ಅವಳು ಅಡುಗೆಮನೆಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ನೆಲಕ್ಕೆ ಬಟ್ಟೆ ಹಾಸಿ, ಮೊಣಕಾಲೂರಿ ಕತ್ತರಿಸುತ್ತಿದ್ದಾಳೆ. ಒಗ್ಗರಣೆ ವಾಸನೆ ಹಿಡಿದ ರವಿಕೆಯನ್ನು ಎಷ್ಟೋ ಜನ ಮೂಗಿಗೆ ಹಿಡಿದು ವಾಪಸ್ ಕೊಟ್ಟಿದ್ದೂ ಉಂಟು. ಆ ಮುಂಗೋಣೆ ಸಿಕ್ಕರೆ ಅದೇ ಅವಳ ಅಂಗಡಿ. ಮನೆಯ ಮಾಲೀಕರು ಒಂದೇ ಮಾತು ಹೇಳಿದ್ದರು: ಬುಧವಾರ ಬೆಳಿಗ್ಗೆಯೊಳಗೆ ಇಪ್ಪತ್ತನಾಲ್ಕು ಸಾವಿರ ಮುಂಗಡ ಬರಬೇಕು, ಇಲ್ಲವಾದರೆ ಔಷಧಿ ಅಂಗಡಿಯವರು ಕಾಯುತ್ತಿದ್ದಾರೆ.

ಮನೆಯ ಉಳಿತಾಯದ ಡಬ್ಬದಲ್ಲಿದ್ದದ್ದು ನಲವತ್ತು ಸಾವಿರ.

"ರೀ, ಮುಂಗಡ ತೆಗೆದರೆ ಹದಿನಾರು ಉಳಿಯುತ್ತೆ. ಅಷ್ಟರಲ್ಲಿ ಎಲ್ಲ ಆಗುತ್ತಾ?" ಎಂದು ಅವಳು ಕೇಳಿದಳು.

"ಲಾರಿಗೆ ಐದು ಸಾವಿರ. ಮಿಕ್ಕಿದ್ದು ಚಿಲ್ಲರೆ. ಮನೆ ಬದಲಾಯಿಸೋದಕ್ಕೂ ಒಂದು ಲೆಕ್ಕದ ಪುಸ್ತಕ ಬೇಕಾ?"

ಮೇಸ್ತ್ರಿ ಮಾತಾಡುವಾಗ ಹೀಗೇ. ಸಮುದ್ರದ ನಡುವೆ ಕೆಟ್ಟು ನಿಂತ ಇಂಜಿನ್ನನ್ನು ಒಂದು ಸ್ಪ್ಯಾನರಿನಲ್ಲಿ ಎಬ್ಬಿಸುವ ಮನುಷ್ಯನಿಗೆ ಎರಡು ಕೋಣೆಯ ಮನೆ ಯಾವ ಲೆಕ್ಕ?

ಮಾರನೆಯ ದಿನ ಬಾರ್ಜಿನ ಟಿಕೆಟ್ಟಿಗೆ ಹೋದ. ಅಲ್ಲಿ ಕೂರುವವಳನ್ನು ಊರೆಲ್ಲ ಕರೆಯುವುದು ಕಿಟಕಿ ಅಕ್ಕ ಎಂದು. ಹನ್ನೆರಡು ವರ್ಷಗಳಿಂದ ಆ ಚೌಕಟ್ಟಿನೊಳಗೆ ಕೂತು ಅವಳು ಟಿಕೆಟ್ಟನ್ನಷ್ಟೇ ಹರಿದಿಲ್ಲ, ಊರಿನ ಅರ್ಧ ಸಂಸಾರಗಳು ಮಂಚ, ಪಾತ್ರೆ ಹೇರಿಕೊಂಡು ದಾಟಿದ್ದನ್ನು ಕಣ್ಣಾರೆ ನೋಡಿದ್ದಾಳೆ.

"ಶನಿವಾರ ಮಧ್ಯಾಹ್ನಕ್ಕೆ ಒಂದು ಲಾರಿ ಟಿಕೆಟ್ ಕೊಡಕ್ಕಾ."

ಅಕ್ಕ ಕನ್ನಡಕ ಏರಿಸಿ ಬೆನ್ನ ಹಿಂದಿನ ಹಲಗೆ ನೋಡಿದಳು. "ಶನಿವಾರ ಉಬ್ಬರ ಇರೋದು ಬೆಳಗಿನ ಜಾವ ಐದಕ್ಕೆ, ಆಮೇಲೆ ಸಂಜೆ ಐದೂವರೆಗೆ. ಮಧ್ಯಾಹ್ನ ಹೇರಿದ ಲಾರಿ ಸಂಜೆವರೆಗೂ ದಂಡೆ ಇಳಿಜಾರಲ್ಲಿ ನಿಂತಿರುತ್ತೆ ತಮ್ಮಾ."

ಮೇಸ್ತ್ರಿ ನಕ್ಕುಬಿಟ್ಟ. "ಅಕ್ಕಾ, ನನಗೆ ನೀರಿನ ಲೆಕ್ಕ ಹೇಳ್ತೀಯಾ? ನಡೆಯೋದಕ್ಕಿಂತ ಮುಂಚೆ ಈಜು ಕಲಿತವನು ನಾನು. ಮಧ್ಯಾಹ್ನ ದೋಣಿ ಆರಾಮಾಗಿ ದಾಟುತ್ತೆ."

"ದೋಣಿ ದಾಟುತ್ತೆ. ನಿನ್ನ ದೋಣಿಗೆ ಮೊಣಕಾಲು ನೀರು ಸಾಕು. ಲಾರಿ ಹೊತ್ತ ಬಾರ್ಜಿಗೆ ಆಳುದ್ದ ನೀರು ಬೇಕು. ಕಾಯೋದಕ್ಕೆ ಲಾರಿಯವನು ಗಂಟೆಗೆ ಎಷ್ಟು ಅಂದಿದ್ದಾನೆ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಕೇಳಿಲ್ಲ. ಪರಿಚಯದವನೇ..."

"ಪರಿಚಯದವನ ಗಡಿಯಾರವೂ ಓಡುತ್ತೆ. ಫೋನ್ ಮಾಡಿ ಕೇಳು. ಸರಿ, ತೂಕ ಎಷ್ಟು? ಎರಡು ಟನ್‌ಗಿಂತ ಜಾಸ್ತಿ ಹೇರಿದ್ರೆ ಬಾರ್ಜಿಗೆ ಬಿಡಲ್ಲ. ಹಲಗೆ ಮೇಲೆ ಬರೆದಿದೆ ನೋಡು."

ಇಪ್ಪತ್ತು ವರ್ಷಗಳಿಂದ ದಿನಾ ಆ ಹಲಗೆಯ ಮುಂದೆ ಬೀಡಿ ಹಚ್ಚಿದವನು ಅವತ್ತು ಮೊದಲ ಸಲ ಅದನ್ನು ಓದಿದ.

"ಸಂಜೆ ಮನೆಗೆ ಬರ್ತೀನಿ. ನಿನ್ನ ಹೆಂಡತಿಗೆ ಒಂದು ಹಾಳೆ, ಪೆನ್ನು ಇಟ್ಟಿರೋಕೆ ಹೇಳು. ಟಿಕೆಟ್ಟು ಆಮೇಲೆ," ಎಂದು ಅಕ್ಕ ಕಿಟಕಿಯಿಂದ ಮುಂದಿನವರನ್ನು ಕರೆದಳು.

ಸಂಜೆ ಬಂದವಳು ಚಾ ಕುಡಿಯುವ ಮೊದಲೇ ಮನೆಯನ್ನೊಂದು ಸುತ್ತು ಹಾಕಿದಳು. ಕಬ್ಬಿಣದ ಮಂಚ, ಬೀರು, ಫ್ರಿಜ್ಜು, ಹೊಲಿಗೆ ಯಂತ್ರ, ಪಾತ್ರೆ, ಹಾಸಿಗೆ. ಒಂದೊಂದನ್ನೇ ಹೇಳುತ್ತ ಹೋದಳು, ಹೆಂಡತಿ ಬರೆಯುತ್ತ ಹೋದಳು.

"ಒಂದೂವರೆ ಟನ್ ಹಿಡ್ಕೋ. ಇಂಥ ಮನೆ ಇದಕ್ಕಿಂತ ಕಮ್ಮಿ ತೂಗಿದ್ದು ನಾನು ನೋಡಿಲ್ಲ. ಹಿತ್ತಲ ಕೊಟ್ಟಿಗೇಲಿ ಏನಿದೆ?"

"ಅದು ಸಾಮಾನಲ್ಲ. ಅದು ಕೆಲಸದ್ದು," ಎಂದ ಮೇಸ್ತ್ರಿ, ಬಾಗಿಲಿಗೆ ಅಡ್ಡ ನಿಂತು.

ಮೂಲೆಯಲ್ಲಿ ಕೂತಿದ್ದ ಅವನ ತಾಯಿ ಬಾಯಿ ಬಿಟ್ಟಳು. "ತೋರಿಸೋ. ನಾವೆಲ್ಲ ಇವತ್ತೋ ನಾಳೆಯೋ ಹೋಗ್ತೀವಿ, ಆ ಕಬ್ಬಿಣ ಮಾತ್ರ ಶಾಶ್ವತ."

ಕೊಟ್ಟಿಗೆಯಲ್ಲಿ ಎಂಟು ಮರದ ಪೆಟ್ಟಿಗೆಗಳಿದ್ದವು. ಅವುಗಳ ತುಂಬ ಹಳೆಯ ಬೋಲ್ಟು, ಗೇರು, ಪಿಸ್ಟನ್ನು, ಉಪ್ಪುಗಾಳಿಗೆ ಒಂದಕ್ಕೊಂದು ಅಂಟಿಹೋದ ಚಕ್ರ. ಪಕ್ಕದಲ್ಲಿ ಎರಡು ಸತ್ತ ಇಂಜಿನ್ನು. ಯಾವತ್ತಾದರೂ ಬೇಕಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅವು ಅಲ್ಲಿದ್ದವು. ಆ 'ಯಾವತ್ತಾದರೂ' ಇನ್ನೂ ಬಂದಿರಲಿಲ್ಲ.

"ಇದೆಲ್ಲ ಎಷ್ಟು ತೂಗುತ್ತೆ?"

"ಇನ್ನೂರು ಕೆಜಿ. ಹೆಚ್ಚೆಂದರೆ ಇನ್ನೂರೈವತ್ತು."

ಅಕ್ಕ ಒಂದು ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿ ನೋಡಿದಳು, ಅದು ಅಲುಗಲಿಲ್ಲ. ಹಾಳೆಯ ಹಿಂಬದಿಗೆ ಬರೆಸಿದಳು. "ತೂಕ ಮೀರಿದ್ರೆ ಎರಡು ಸಲ ಲಾರಿ. ಅಂದರೆ ಎರಡು ಉಬ್ಬರ, ಎರಡು ದಿನ. ಲಾರಿಗೆ ಹತ್ತು ಸಾವಿರ. ಬಾರ್ಜಿಗೆ ಎಂಟ್ನೂರರ ಹಾಗೆ ಸಾವಿರದ ಆರುನೂರು. ಇಬ್ಬರು ಕೂಲಿಯವರಿಗೆ ಎರಡು ದಿನಕ್ಕೆ ಮೂರು ಸಾವಿರದ ಆರುನೂರು. ಕಾಯೋದಕ್ಕೆ ಎಷ್ಟಂದ ನಿನ್ನ ಪರಿಚಯದವನು?"

"ಗಂಟೆಗೆ ನಾನೂರು," ಎಂದ ಮೇಸ್ತ್ರಿ, ಗೋಡೆಗೆ ಹೇಳುವಂತೆ.

"ಮೊದಲ ದಿನ ಐದು ಗಂಟೆ ಕಾದ್ರೆ ಎರಡು ಸಾವಿರ. ಕೂಡಮ್ಮಾ."

ಹೆಂಡತಿ ಕೂಡಿದಳು. ಹದಿನೇಳು ಸಾವಿರದ ಇನ್ನೂರು. ಇನ್ನೊಮ್ಮೆ ಕೂಡಿದಳು. ಅದೇ ಬಂತು. ಹಗ್ಗ, ಟಾರ್ಪಾಲು, ಹಳೆಮನೆಯ ಕರೆಂಟ್ ಬಿಲ್ಲು ಯಾವುದೂ ಇನ್ನೂ ಸೇರಿರಲಿಲ್ಲ. ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಮುಂಗಡಕ್ಕೇ ಕೈ ಹಾಕಬೇಕಾಗುತ್ತೆ. ಆಗಲಿ ಬಿಡಿ ಅಕ್ಕಾ. ಅಡುಗೆಮನೆಯಲ್ಲಿ ಹೊಲಿದು ಅಭ್ಯಾಸ ಆಗಿದೆ," ಎಂದು ಒಳಗೆ ಹೋದಳು.

ಅವಳು ಜಗಳ ಮಾಡಿದ್ದರೆ ಮೇಸ್ತ್ರಿಗೆ ಹಾಯೆನಿಸುತ್ತಿತ್ತು.

"ಇನ್ನೂರು ಕೆಜಿ ಅಂದೆನಲ್ಲ, ತೂಗಿ ತೋರಿಸ್ತೀನಿ ಅಕ್ಕಾ!" ಎಂದು ಹಟ ಹಿಡಿದು ಬೆಳಗಾಗುತ್ತಲೇ ಕೈಗಾಡಿ ತಂದ. ಐಸ್ ಫ್ಯಾಕ್ಟರಿಯಲ್ಲಿ ಮೀನು ತೂಗುವ ದೊಡ್ಡ ತಕ್ಕಡಿ ಇದೆ. ಮೂರನೇ ಪೆಟ್ಟಿಗೆಗೇ ಇನ್ನೂರು ದಾಟಿತು. ಎಂಟೂ ಮುಗಿದಾಗ ನಾನೂರ ಎಂಬತ್ತು. ಎರಡು ಇಂಜಿನ್ನು ಸೇರಿ ಏಳುನೂರು. ಮನೆಯದಕ್ಕೆ ಕೂಡಿಸಿದರೆ ಎರಡು ಟನ್ನಿನ ಮೇಲೆ ಇನ್ನೂರು ಕೆಜಿ. ತಕ್ಕಡಿಯವನು ಚೀಟಿ ಬರೆದು, "ಎಷ್ಟಕ್ಕೆ ಕೊಡ್ತೀರಿ ಮೇಸ್ತ್ರಿ, ಮೀನು ಚೆನ್ನಾಗಿ ಬೆಳೆದಿದೆ," ಎಂದು ಹಲ್ಲು ಕಿರಿದ. ಮೇಸ್ತ್ರಿಯ ಮುಖ ಸಣ್ಣದಾಯಿತು.

ಮನೆಗೆ ಬಂದು ಖಾಲಿ ಕೊಟ್ಟಿಗೆಯಲ್ಲಿ ನಿಂತ. ಪೆಟ್ಟಿಗೆಗಳು ಇದ್ದ ಜಾಗದಲ್ಲಿ ನೆಲದ ಮೇಲೆ ಏನೋ ಅಗಲವಾಗಿ ಬಿದ್ದಿತ್ತು. ತುಕ್ಕಿನ ಪುಡಿ ಒರೆಸಿದ. ನಯಗೊಳಿಸಿದ ಮರ. ಅಂಚಿನುದ್ದಕ್ಕೂ ಇಂಚಿನ ಗುರುತುಗಳು.

ಅದು ಅವಳ ಬಟ್ಟೆ ಕತ್ತರಿಸುವ ಹಲಗೆ.

ಒಂಬತ್ತು ವರ್ಷದ ಹಿಂದೆ ಈ ಮನೆಗೆ ಬಂದಾಗಲೂ ಹೀಗೇ ಪಟ್ಟಿಯಿಲ್ಲ, ಗುರುತಿಲ್ಲ, ಒಂದೇ ಗಡಿಬಿಡಿ. ಸಿಕ್ಕಿದ್ದರ ಮೇಲೆ ಸಿಕ್ಕಿದ್ದು ಪೇರಿಸಿದ್ದ. "ನನ್ನ ಹಲಗೆ ಕಾಣ್ತಿಲ್ಲ ರೀ," ಎಂದು ಅವಳು ಕೇಳಿದ್ದಳು. "ಎಲ್ಲೋ ಕೊಟ್ಟಿಗೇಲಿರಬೇಕು, ನಾಳೆ ತೆಗೆದುಕೊಡ್ತೀನಿ," ಎಂದಿದ್ದ. ನಾಲ್ಕೈದು ಸಲ ಕೇಳಿ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಒಂಬತ್ತು ವರ್ಷ ನೆಲದ ಮೇಲೆ ಬಗ್ಗಿ ಕತ್ತರಿಸಿದ್ದಳು. ಈಗ ಏಳುವಾಗ ಸೊಂಟ ಹಿಡಿದುಕೊಂಡು ಏಳುತ್ತಾಳೆ. ಮೇಸ್ತ್ರಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿ ಬಂತು.

ಹಲಗೆಯನ್ನು ಒಳಗೆ ತಂದು ಗೋಡೆಗೆ ಒರಗಿಸಿದ. ಹೆಂಡತಿ ನೋಡಿದಳು, ಅಂಚಿನ ಮೇಲೆ ಬೆರಳಾಡಿಸಿದಳು.

"ಆ ಹಾಳೆ ಎಲ್ಲಿದೆ?" ಎಂದ ಮೇಸ್ತ್ರಿ. "ಮೊದಲಿಂದ ಬರೆಯೋಣ. ಮೊದಲನೇ ಸಾಲಲ್ಲಿ ಇದನ್ನ ಬರಿ."

ಆಮೇಲೆ ನೋಡಬೇಕಿತ್ತು ಅವನ ಅವತಾರ. ಗುಜರಿಯವನನ್ನು ಕರೆದು ಐನೂರು ಕೆಜಿ ಕಬ್ಬಿಣ ತೂಗಿಸಿ, ಚೌಕಾಶಿ ಮಾಡಿ ಒಂಬತ್ತು ಸಾವಿರ ಎಣಿಸಿಕೊಂಡ. ತಾನು ಕೆಲಸ ಕಲಿತ ಒಂದು ಇಂಜಿನ್ನನ್ನೂ ನಿಜವಾಗಿ ಬೇಕಾದ ಒಂದಿಷ್ಟು ಬಿಡಿಭಾಗಗಳನ್ನೂ ಮಾತ್ರ ಇಟ್ಟುಕೊಂಡ. ಬಾಗಿಲು ಮುಚ್ಚಲೊಲ್ಲದ ತುಕ್ಕು ಫ್ರಿಜ್ಜನ್ನೂ ಕೊಡಹೊರಟ. "ಅದು ಇನ್ನೂ ಓಡುತ್ತೆ ರೀ!" ಎಂದು ಹೆಂಡತಿಯೇ ತಡೆಯಬೇಕಾಯಿತು.

ಲಾರಿಗೆ ಒಬ್ಬರನ್ನಲ್ಲ, ಮೂವರನ್ನು ಕೇಳಿದ. ಸಿಮೆಂಟ್ ಇಳಿಸಿ ಖಾಲಿ ವಾಪಸ್ ಹೋಗುವ ಲಾರಿಯೊಂದಿದೆ ಎಂದು ಕಿಟಕಿ ಅಕ್ಕ ಹೇಳಿದ್ದಳು. ಆ ಲಾರಿಯವನು ಮೂರೂವರೆ ಸಾವಿರಕ್ಕೆ ಒಪ್ಪಿದ. ಬಾಡಿಗೆ ಎಷ್ಟು, ಕಾದರೆ ಎಷ್ಟು, ಟಾರ್ಪಾಲು ಯಾರದು ಎಂದು ಮೇಸ್ತ್ರಿ ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡ. ದಿನ ಶನಿವಾರದಿಂದ ಬುಧವಾರಕ್ಕೆ ಹೋಯಿತು. ಅವತ್ತು ಉಬ್ಬರ ಬೆಳಿಗ್ಗೆ ಎಂಟೂವರೆಗೆ. ಪರಿಚಯದವನಿಗೆ ಮುಖ ಕೊಟ್ಟು ಬೇಡ ಎಂದು ಹೇಳಿ ಬಂದದ್ದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾದ ಕೆಲಸ.

ಲಾರಿ, ಬಾರ್ಜು, ಕೂಲಿ, ಹಗ್ಗ, ಟಾರ್ಪಾಲು, ಹಳೆಮನೆಯ ಬಾಕಿ ಬಿಲ್ಲು, ಹೊಸಮನೆಯ ಬೀಗ, ನಲ್ಲಿ, ಬಲ್ಬು, ಆ ದಿನದ ಊಟ, ಎಲ್ಲ ಸೇರಿ ಹತ್ತು ಸಾವಿರಕ್ಕೆ ನಿಂತಿತು.

"ಇನ್ನೂ ಸಾವಿರದೈನೂರು ಬೇರೆ ಕಟ್ಟಿಡು," ಎಂದಳು ಕಿಟಕಿ ಅಕ್ಕ.

"ಯಾವುದಕ್ಕೆ?"

"ಗೊತ್ತಿದ್ರೆ ಪಟ್ಟಿಯಲ್ಲೇ ಬರೀತಿರಲಿಲ್ವಾ?"

ಬುಧವಾರ ಬೆಳಿಗ್ಗೆ ಏಳೂವರೆಗೆ ಲಾರಿ ಇಳಿಜಾರಿನಲ್ಲಿತ್ತು. ಪ್ರತಿ ಪೆಟ್ಟಿಗೆಯ ಮೇಲೂ ಹೆಂಡತಿಯ ಸೀಮೆಸುಣ್ಣದ ಅಕ್ಷರ: ಅಡುಗೆಮನೆ, ಅಮ್ಮನ ಔಷಧಿ, ಮೊದಲು ಬಿಚ್ಚುವುದು. ಹೊರಡುವ ಮೊದಲು ಅವಳು ಹಳೆಮನೆಯ ಕರೆಂಟ್ ಮೀಟರಿನ ಅಂಕಿಯನ್ನು ಫೋನಿನಲ್ಲಿ ಫೋಟೋ ಹಿಡಿದುಕೊಂಡಿದ್ದಳು. ಅತ್ತೆ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತು ಇಪ್ಪತ್ತೆರಡು ಪೆಟ್ಟಿಗೆ ಎಣಿಸಿದಳು. ಎಂಟೂವರೆಗೆ ಬಾರ್ಜು ಬಿಟ್ಟಿತು. ಒಂಬತ್ತಕ್ಕೆ ಆಚೆ ದಡ. ಮುಂಗಡವನ್ನು ಮಾಲೀಕರ ಕೈಗಿಟ್ಟು ಹೆಂಡತಿಯೇ ಬೀಗದ ಕೈ ಇಸಿದುಕೊಂಡಳು. ಅತ್ತೆ ಮತ್ತೆ ಎಣಿಸಿದಳು. ಇಪ್ಪತ್ತೆರಡೂ ಇದ್ದವು.

ಮಧ್ಯಾಹ್ನ ಹೊಸಮನೆಯ ನೀರಿನ ಮೋಟಾರು ಗೊರ್ರೆಂದು ನಿಂತುಹೋಯಿತು. ಮೇಸ್ತ್ರಿ ಬಿಚ್ಚಿ ನೋಡಿದ. ಕೈಚಳಕದಿಂದ ಆಗುವ ಕೆಲಸವಾಗಿರಲಿಲ್ಲ, ಹೊಸ ಭಾಗವೇ ಬೇಕಿತ್ತು, ಆರುನೂರು. ಕಟ್ಟಿಟ್ಟ ಗಂಟಿನಿಂದ ಹಣ ಹೋಯಿತು, ಸಂಜೆಗೆ ನೀರು ಬಂತು. "ಯಾವುದಕ್ಕೆ ಅಂತ ಈಗ ಗೊತ್ತಾಯ್ತು," ಎಂದು ಅವನು ಅಕ್ಕನಿಗೆ ಫೋನ್ ಮಾಡಿ ಹೇಳಿದ.

ಕಬ್ಬಿಣದ ಒಂಬತ್ತು ಸಾವಿರಕ್ಕೆ ಬಟ್ಟೆಯ ಅಂಚು ಹೊಲಿಯುವ ಯಂತ್ರವೊಂದು ಬಂತು. ಮೇಸ್ತ್ರಿ ಇಡೀ ಭಾನುವಾರ ಮುಂಗೋಣೆಯಲ್ಲಿ ಕೂತು ಆ ಹಲಗೆಗೆ ನಾಲ್ಕು ಕಾಲು ಜೋಡಿಸಿದ. ಎತ್ತರ ಸರಿಯಿದೆಯಾ ನೋಡು ಎಂದು ಮೂರು ಸಲ ಅವಳನ್ನು ಕರೆದ. ಸೋಮವಾರ ಬೆಳಿಗ್ಗೆ ರಸ್ತೆಯ ಬಾಗಿಲು ತೆರೆದು ಅವಳು ಬಟ್ಟೆ ಹಾಸಿದಳು, ನಿಂತುಕೊಂಡೇ ಮೊದಲ ಗೆರೆ ಎಳೆದಳು.

ನಿಮ್ಮ ಮನೆಯೂ ಒಂದಲ್ಲ ಒಂದು ದಿನ ಹೊರಡಬೇಕಾಗಬಹುದು. ಹೊರಡುವ ದಿನ ಹಾಳೆ ಹುಡುಕಬೇಡಿ, ಇವತ್ತೇ ತೆಗೆದುಕೊಳ್ಳಿ. ಇರುವ ಹಣ ಬರೆಯಿರಿ, ಹೋಗುವ ಸಾಮಾನು ಬರೆಯಿರಿ, ಅದರಲ್ಲಿ 'ಕೆಲಸದ್ದು' ಅಂತ ಬಚ್ಚಿಟ್ಟದ್ದನ್ನೂ ಸೇರಿಸಿ. ಊಹೆ ಮಾಡಬೇಡಿ, ತೂಗಿ ನೋಡಿ. ಮೂವರನ್ನು ಕೇಳಿ, ಮಾತನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನೀರಿನ ಹೊತ್ತು ಕೇಳಿಕೊಂಡು ದಿನ ಗೊತ್ತುಮಾಡಿ, ಗೊತ್ತಿಲ್ಲದ ಖರ್ಚಿಗೂ ಒಂದು ಗಂಟು ಬೇರೆ ಇಡಿ. ಹಾಳೆಯ ಮುಂದೆ ಮನೆಯವರೆಲ್ಲ ಕೂತುಕೊಳ್ಳಿ, ಯಾರಿಗೆ ಏನು ಬೇಕು ಎಂದು ಒಬ್ಬೊಬ್ಬರನ್ನೂ ಕೇಳಿ. ನಿಮ್ಮ ಕೊಟ್ಟಿಗೆಯಲ್ಲೂ ಯಾವುದೋ ಪೆಟ್ಟಿಗೆಯ ಅಡಿ ಯಾರದೋ ಹಲಗೆ ಇರಬಹುದು. ಮೊದಲು ಅದನ್ನು ತೆಗೆದುಕೊಡಿ.