ಒಂಬತ್ತನೆಯ ಕುಳಿ

ಫಕುಂದೊ ಬಲ ಅಂಗೈಯನ್ನು ಸುರಂಗದ ಗೋಡೆಗೆ ಒತ್ತಿ ಹಿಡಿದು ಎಣಿಸುತ್ತಿದ್ದ. ಐದು. ಆರು. ಆಮೇಲೆ ಒಂದರ ಬೆನ್ನಿಗೆ ಇನ್ನೊಂದು, ಏಳು, ಎಂಟು. ಪ್ರತಿ ಸಲ ಕುಳಿಯ ಮದ್ದು ಸಿಡಿದಾಗಲೂ ಗ್ರಾನೈಟು ಅವನ ಮಣಿಕಟ್ಟಿನವರೆಗೆ ನಡುಗುತ್ತಿತ್ತು. ಎಂಟರ ನಂತರ ಕಲ್ಲು ಸುಮ್ಮನಾಯಿತು. ಅವನು ಉಸಿರು ಬಿಗಿಹಿಡಿದು ಕಾದ. ಬತ್ತಿ ಹಚ್ಚಿದ್ದು ಒಂಬತ್ತಕ್ಕೆ.

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಜೊತೆಗಾರ ಎಲೋಯ್ ಕಣ್ಣುಜ್ಜಿಕೊಳ್ಳುತ್ತಾ ಇವನತ್ತ ತಿರುಗಿದ. ದೂಳಿನಲ್ಲಿ ದೀಪದ ಬೆಳಕು ಕದಡಿತ್ತು. ಎಲೋಯ್‌ನ ತುಟಿ ಅಲುಗಿತು. 'ಒಂಬತ್ತು' ಎಂದದ್ದು ಫಕುಂದೊನಿಗೆ ಕಂಡಿತು. ಕೊನೆಯ ಎರಡು ಒಟ್ಟಿಗೇ ಸಿಡಿದಿರಬೇಕು, ಹಾಗಾಗುವುದುಂಟು. ಕಿವಿ ನೆಟ್ಟಗಿರುವವನ ಲೆಕ್ಕಕ್ಕಿಂತ ತನ್ನ ಅಂಗೈಯ ಲೆಕ್ಕ ದೊಡ್ಡದಲ್ಲ ಎಂದುಕೊಂಡು ಅವನು ತಲೆಯಾಡಿಸಿದ.

ಸುರಂಗದ ಬಾಯಲ್ಲಿ ಮೇಸ್ತ್ರಿ ಆರ್ಚುಲೆಟಾ ಪುಸ್ತಕ ತೆರೆದಿಟ್ಟುಕೊಂಡಿದ್ದ. ಇಬ್ಬರೂ ರುಜು ಹಾಕಿದರು. ಒಂಬತ್ತು ಕುಳಿ, ಒಂಬತ್ತೂ ಸಿಡಿದಿವೆ.

ಹೊಗೆ ಹೊರಹೋಗಲು ಒಂದು ಗಂಟೆ ಬೇಕು. ಅದು ಕಳೆಯುವ ಹೊತ್ತಿಗೆ ಎರಡನೆಯ ಪಾಳಿಯವರು ಊರಿನಿಂದ ಟ್ರಕ್ಕಿನಲ್ಲಿ ಬಂದರು. ಅವರಲ್ಲಿ ಮೊದಲು ಇಳಿದವನು ಒನೆಸಿಮೊ, ಫಕುಂದೊನ ಹೆಂಡತಿ ರಮೋನಾಳ ತಮ್ಮ. ಮೂರು ತಿಂಗಳಿಂದ ಭಾವ ಮೈದುನ ಇಬ್ಬರಿಗೂ ಒಂದೇ ಸುರಂಗ. ಭಾವ ಸಿಡಿಸಿ ಬಂದ ಜಾಗಕ್ಕೆ ಮೈದುನ ಹೋಗಿ ಕೊರೆಯಬೇಕು.

"ಭಾವ, ಎಳೆ ಹೆಂಗಿದೆ? ಇನ್ನೂ ಬೆರಳಗಲಾನೇನಾ?" ಎದುರಿಗೆ ಬಂದು ನಿಂತು ಕೇಳಿದ.

"ಮೊಳದಗಲ ಆಗಿದೆ ಕಣೋ," ಎಂದ ಫಕುಂದೊ. ಮೂರು ವಾರದಿಂದ ಅವನು ಆ ಬೆಣಚುಕಲ್ಲಿನ ಎಳೆಯ ಬೆನ್ನು ಬಿದ್ದಿದ್ದ. ನಸುಗೆಂಪು ಗ್ರಾನೈಟಿನೊಳಗೆ ಬಿಳಿ ಗೀರಿನ ಹಾಗಿದ್ದದ್ದು ಒಮ್ಮೆ ಸಣ್ಣಗಾಗಿ ಸತ್ತೇಹೋಯಿತು ಅನ್ನಿಸಿ, ಇವತ್ತು ಬೆಳಿಗ್ಗೆ ಇದ್ದಕ್ಕಿದ್ದಂತೆ ಅಗಲವಾಗಿ ತೆರೆದುಕೊಂಡಿತ್ತು. ಎರಡು ಅಂಚಿಗೂ ಮಾಲಿಬ್ಡಿನಮ್ ಅದಿರಿನ ಬೂದು ಹಾಳೆಗಳು, ಮುಟ್ಟಿದರೆ ಎಣ್ಣೆಮಸಿಯಂತೆ ಕೈಗೆ ಮೆತ್ತುವಂಥವು. ನಡುವೆ ತಾಮ್ರದ ಅದಿರಿನ ಹಳದಿ ಚುಕ್ಕೆಗಳು. "ಬಲಗಡೆ ಮೇಲಕ್ಕೆ ತಾಮ್ರ ಜಾಸ್ತಿ. ಕಲ್ಲು ಅಲ್ಲಿ ಗಟ್ಟಿ. ನೋಡ್ಕೊಂಡು ಕೊರಿ."

"ಬಂಗಾರ ಸಿಕ್ರೆ ನಿಮ್ಗೆ ಹೇಳಲ್ಲ, ಸೀದಾ ಟೆಕ್ಸಾಸ್‌ಗೆ ಓಡ್ತೀನಿ. ಅಕ್ಕಂಗೆ ಹೇಳಿ, ಭಾನುವಾರ ಊಟಕ್ಕೆ ಬರ್ತೀನಿ, ಕುರಿ ಮಾಂಸ ಮಾಡ್ಲಿ. ಮೂಳೆ ನಿಮ್ಗೆ ಬಿಡ್ತೀನಿ." ಒನೆಸಿಮೊ ನಗುತ್ತಾ ತನ್ನ ಜೊತೆಗಾರನೊಂದಿಗೆ ಒಳಗೆ ನಡೆದ.

ಊರಿಗೆ ಹೋಗುವ ಟ್ರಕ್ಕಿನ ಹಿಂದಿನ ಹಲಗೆಯ ಮೇಲೆ ಫಕುಂದೊ ಕೂತ. ಎದುರು ಹಲಗೆಯಲ್ಲಿ ಎಲೋಯ್. ಅವನ ಎಡಗಣ್ಣು ಕೆಂಡದಂತಾಗಿತ್ತು.

"ಏನಾಯ್ತೋ ಕಣ್ಣಿಗೆ?"

"ಕಲ್ಲಿನ ಪುಡಿ ಅಣ್ಣ. ಮೂರನೇದು ಸಿಡಿದಾಗ ಬಿತ್ತು. ಉಜ್ಜಿ ಉಜ್ಜಿ ಸಾಕಾಯ್ತು, ಎಣಿಸೋದೂ ತಪ್ಪೋಯ್ತು. ಪುಣ್ಯಕ್ಕೆ ನೀವು ಎಣಿಸಿದ್ರಿ."

ಫಕುಂದೊ ಅವನ ಬಾಯನ್ನೇ ನೋಡಿದ. "ಇನ್ನೊಂದ್ಸಲ ಹೇಳು."

"ನೀವು ಎಣಿಸಿದ್ರಲ್ಲ ಅಂದೆ. ಒಂಬತ್ತು ಆಯ್ತಾ ಅಂತ ಕೇಳ್ದೆ, ನೀವು ತಲೆ ಆಡಿಸಿದ್ರಿ."

ಆಯ್ತಾ. ಆ ಮಾತಿನ ಬಾಲ ದೂಳಿನಲ್ಲಿ ಅವನಿಗೆ ಕಂಡಿರಲೇ ಇಲ್ಲ. ಟ್ರಕ್ಕು ಅಲುಗಿ ಮುಂದಕ್ಕೆ ಹೊರಟಿತ್ತು. ಫಕುಂದೊ ಟ್ರಕ್ಕಿನ ಹಿಂಬದಿಯ ತಡೆಪಟ್ಟಿ ಹಾರಿ ನೆಲಕ್ಕೆ ಬಿದ್ದ. ಮಂಡಿ ತರಚಿತು. ಎದ್ದು, "ಮೇಸ್ತ್ರಿಗೆ ಹೇಳೋ! ಒಂದು ಸಿಡಿದಿಲ್ಲ!" ಎಂದು ಕೂಗಿ ಸುರಂಗದ ಬಾಯತ್ತ ಓಡಿದ. ಗೂಟಕ್ಕೆ ನೇತುಹಾಕಿದ್ದ ಯಾರದೋ ದೀಪ ಕಿತ್ತುಕೊಂಡ. ಮೇಸ್ತ್ರಿ ಕೈ ಅಡ್ಡ ಚಾಚಿ ಏನೋ ಅಂದ. ಅದನ್ನು ನೋಡಿ ಓದುವಷ್ಟು ಪುರುಸೊತ್ತಿರಲಿಲ್ಲ.

ಕಂಬಿಗಳ ನಡುವೆ ನೀರು ನಿಂತಿತ್ತು. ಇಪ್ಪತ್ತೆರಡು ವರ್ಷ ನಡೆದ ದಾರಿ ಅದು. ಓಡಿದ್ದು ಇದೇ ಮೊದಲು. ಐವತ್ತು ದಾಟಿದ ಎದೆ, ಅರ್ಧ ದಾರಿಗೇ ಕೊಲಿಮೆಯ ತಿದಿಯಾಯಿತು. ಕೂಗಿದರೆ ಅವರಿಗೆ ಕೇಳಿಸೀತೆ? ಡ್ರಿಲ್ಲು ಶುರುವಾಗಿದ್ದರೆ ಕೇಳಿಸದು. ಶುರುವಾಗಿದೆಯೋ ಇಲ್ಲವೋ ಇವನಿಗೂ ಕೇಳಿಸದು. ಗೋಡೆಯುದ್ದಕ್ಕೂ ಹೋಗುತ್ತಿದ್ದ, ಡ್ರಿಲ್ಲು ಓಡಿಸುವ ಗಾಳಿಯ ಕೊಳವೆಯ ಮೇಲೆ ಕೈಯಿಟ್ಟ.

ಕೊಳವೆ ತಣ್ಣಗಿತ್ತು, ಸುಮ್ಮನಿತ್ತು. ಇನ್ನು ನೂರು ಹೆಜ್ಜೆಗೆ ಸುರಂಗ ಕವಲೊಡೆಯುವ ಜಾಗ. ಅವನು ಕೈ ತೆಗೆಯದೆ ಓಡಿದ. ಅರವತ್ತು ಹೆಜ್ಜೆ ಆಗಿರಬೇಕು, ಅಂಗೈಯ ಕೆಳಗೆ ಕಬ್ಬಿಣ ಸಣ್ಣಗೆ ನಡುಗತೊಡಗಿತು. ಒನೆಸಿಮೊ ಕೊರೆಯುತ್ತಿದ್ದ.

ಕವಲಿನಲ್ಲಿ ಗಾಳಿಯ ವಾಲ್ವಿನ ಚಕ್ರ ತುಕ್ಕು ಹಿಡಿದು ಕೂತಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ. ಕದಲಲಿಲ್ಲ. ಭುಜ ಕೊಟ್ಟು, ಕಾಲನ್ನು ಗೋಡೆಗೆ ಒದ್ದು ಹಿಡಿದು, ಹಲ್ಲು ಕಚ್ಚಿ ತಿರುಗಿಸಿದ. ಕಾಲು ಸುತ್ತು. ಅರ್ಧ. ಕಾಲಿಟ್ಟ ಗೋಡೆ ಈಗ ಅದುರೀತು, ಈಗ ಅದುರೀತು ಎಂದು ಇಡೀ ಮೈ ಕಾಯುತ್ತಿತ್ತು. ಚಕ್ರ ಸಡಿಲಾಗಿ ಗಿರ್ರನೆ ತಿರುಗಿತು. ಅವನು ಕೊಳವೆಗೆ ಕೆನ್ನೆ ಒತ್ತಿದ. ನಡುಕ ಇಳಿಯಿತು, ತೆಳುವಾಯಿತು, ನಿಂತಿತು.

ಒಳಗಿನಿಂದ ಒಂದು ದೀಪ ಕುಣಿಯುತ್ತಾ ಬಂತು. ಅದರ ಕೆಳಗೆ ಒನೆಸಿಮೊನ ಬಾಯಿ ಬೈಯುತ್ತಲೇ ಇತ್ತು. "ಯಾವನೋ ಅವ್ನು ಗಾಳಿ ನಿಲ್ಸಿದ್ದು? ಕೈ ಮುರೀತೀನಿ ಬೋಳಿಮಗನೇ..." ದೀಪ ಇವನ ಮುಖಕ್ಕೆ ಬಿತ್ತು. "ಭಾವ?"

"ಒಂದು ಸಿಡಿದಿಲ್ಲ," ಎಂದ ಫಕುಂದೊ. ಹೆಚ್ಚಿಗೆ ಹೇಳಲು ಉಸಿರಿರಲಿಲ್ಲ.

ಇಬ್ಬರೂ ಒಡೆದ ಕಲ್ಲಿನ ರಾಶಿ ಹತ್ತಿದರು. ಬಲಗಡೆ ಮೇಲೆ, ತಾಮ್ರ ಜಾಸ್ತಿ ಎಂದಿದ್ದ ಕಡೆಯೇ, ಬೆಣಚುಕಲ್ಲು ಒಡೆಯದೆ ಗೂನಿನಂತೆ ಉಬ್ಬಿ ನಿಂತಿತ್ತು. ಗಟ್ಟಿಕಲ್ಲು ಬಿದ್ದಿಲ್ಲ, ಮೊದಲು ಅದನ್ನೇ ಕೆಡವೋಣ ಎಂದು ಒನೆಸಿಮೊ ಡ್ರಿಲ್ಲು ಹೂಡಿದ್ದ. ಅದರ ಮೂತಿ ಎರಡು ಬೆರಳಿನಷ್ಟು ಒಳಗೆ ಹೋಗಿತ್ತು. ಫಕುಂದೊ ಅದರ ಪಕ್ಕದ ಕಲ್ಲನ್ನು ಅಂಗಿಯ ತೋಳಿನಿಂದ ಮೆಲ್ಲಗೆ ಒರೆಸಿದ. ಬೂದು ಕೆಸರು ಜಾರಿತು. ಮಣ್ಣು ಮೆತ್ತಿದ ಕುಳಿಯ ಬಾಯಿ ಕಂಡಿತು, ಅದರಿಂದ ಇಣುಕುತ್ತಿದ್ದ ತುಂಡಾದ ಬತ್ತಿ ಕಂಡಿತು. ಯಾವುದೋ ಹಾರಿಬಂದ ಕಲ್ಲು ಅದನ್ನು ಕತ್ತರಿಸಿತ್ತು. ಡ್ರಿಲ್ಲಿನ ಮೂತಿಗೂ ಅದಕ್ಕೂ ನಾಲ್ಕು ಬೆರಳು ಅಂತರ. ಡ್ರಿಲ್ಲು ಅದರ ಕಡೆಗೇ ವಾಲಿತ್ತು.

ಒನೆಸಿಮೊ ಬೆರಳಿಟ್ಟು ಅಳೆಯಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡ.

ಆರ್ಚುಲೆಟಾ ಏದುಸಿರು ಬಿಡುತ್ತಾ ಬಂದು ನೋಡಿದ. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಎಲ್ಲರನ್ನೂ ಕವಲಿನವರೆಗೆ ಹಿಂದಕ್ಕೆ ಕರೆತಂದು ಫಕುಂದೊನ ಎದುರು ನಿಂತ.

"ಒಂಬತ್ತು ಅಂತ ರುಜು ಹಾಕಿದ್ದೀಯ."

"ಹೂಂ."

"ಎಲೋಯ್‌ಗೆ ಕಣ್ಣಿಗೆ ಪುಡಿ ಬಿದ್ದಿತ್ತಂತೆ. ನಿಂಗೇನು ಬಿದ್ದಿತ್ತು?"

ಎರಡು ಒಟ್ಟಿಗೇ ಸಿಡಿದವು ಅಂದುಕೊಂಡೆ ಎನ್ನಬಹುದಿತ್ತು. ಮೇಸ್ತ್ರಿ ನಂಬುತ್ತಿದ್ದ, ಅವನೂ ಕುಳಿ ಕೊರೆದವನೇ. ನಾಲ್ಕು ದಿನ ಬೈಗುಳ ತಿಂದು ಐದನೆಯ ದಿನ ಮತ್ತೆ ಒಳಗೆ ಬರಬಹುದಿತ್ತು. ಫಕುಂದೊ ಮೈದುನನ ಕಡೆ ನೋಡಿದ. ಒನೆಸಿಮೊ ಬೀಡಿ ಸುತ್ತಲು ಹೋಗಿ ಹೊಗೆಸೊಪ್ಪನ್ನೆಲ್ಲ ನೀರಿಗೆ ಚೆಲ್ಲುತ್ತಿದ್ದ.

"ನಂಗೆ ಕಿವಿ ಕೇಳಲ್ಲ," ಎಂದ. "ಎರಡು ವರ್ಷ ಆಯ್ತು. ಕಲ್ಲಿನ ಮೇಲೆ ಕೈ ಇಟ್ಟು ಎಣಿಸ್ತೀನಿ. ಇವತ್ತು ಎಂಟೇ ಬಂತು. ಎಂಟು ಬಂದಿದ್ದು ಗೊತ್ತಿದ್ದೂ ಒಂಬತ್ತು ಅಂದೆ."

ಒನೆಸಿಮೊನ ದೀಪ ಅವನ ಮುಖದ ಮೇಲೆ ಬಂದು ನಿಂತಿತು.

ಆರ್ಚುಲೆಟಾ ಅವನ ಭುಜ ಮುಟ್ಟಿ ತನ್ನತ್ತ ತಿರುಗಿಸಿಕೊಂಡ. ಪ್ರತಿ ಮಾತನ್ನೂ ಬಿಡಿಸಿ ಹೇಳಿದ. "ಒಳಗಿನ ಕೆಲಸ ಮುಗೀತು ನಿಂದು. ಮೇಲೆ ಕಲ್ಲು ಆರಿಸೋ ಕಡೆ ಜಾಗ ಇದ್ಯಾ ಕೇಳ್ತೀನಿ. ಸಿಗುತ್ತೆ ಅಂತ ಮಾತು ಕೊಡಲ್ಲ."

"ಆಯ್ತು."

ಹೊರಡುವಾಗ ಒನೆಸಿಮೊ ದಾರಿಗೆ ಅಡ್ಡ ಬಂದ. ಕೃತಜ್ಞತೆಯ ಮುಖವಲ್ಲ ಅದು. "ಮೂರು ತಿಂಗಳು," ಎಂದ. "ಮೂರು ತಿಂಗಳು ನಿಮ್ಮ ಲೆಕ್ಕ ನಂಬ್ಕೊಂಡು ನಾನಿಲ್ಲಿ ಎದೆ ಒಡ್ಡಿ ನಿಂತಿದ್ದೀನಿ ಭಾವ. ಒಂದ್ಮಾತು ಹೇಳ್ಬಾರ್ದಿತ್ತಾ? ನಂಗಾದ್ರೂ?" ತುಟಿ ಇನ್ನೂ ಏನೋ ಹೇಳಲು ಹೋಗಿ ಓದಲಾರದಷ್ಟು ನಡುಗಿತು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಟ್ರಕ್ಕು ಹೋಗಿಯಾಗಿತ್ತು. ಫಕುಂದೊ ಹೊಳೆಯ ಪಕ್ಕದ ರಸ್ತೆಯಲ್ಲಿ ನಡೆದೇ ಊರು ಸೇರಿದ. ಬಿಸಿಲು ಇನ್ನೂ ಗುಡ್ಡದ ನೆತ್ತಿಯಲ್ಲಿತ್ತು. ಮನೆಗೆ ಬಂದು ಕೈ ತೊಳೆದು ಮೇಜಿಗೆ ಕೂತ. ರಮೋನಾ ಬೆನ್ನು ಹಾಕಿ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಹಸಿಮೆಣಸಿನಕಾಯಿ ಸುಟ್ಟ ಘಾಟು ಮನೆ ತುಂಬಿತ್ತು.

ಅವಳು ರೊಟ್ಟಿಯನ್ನು ಬಟ್ಟೆಯಲ್ಲಿ ಮುಚ್ಚಿಟ್ಟು, ಕೈ ಒರೆಸಿಕೊಂಡು, ಮೇಜನ್ನು ಬಳಸಿ ಈಚೆ ಬಂದಳು. ದಿನವೂ ನಿಲ್ಲುವ ಹಾಗೆ, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಅವನೆದುರು ನಿಂತಳು. ಅವನು ತಲೆಯೆತ್ತುವವರೆಗೆ ಕಾದಳು. ಎತ್ತಿದ ಮೇಲೆ, ನಿಧಾನವಾಗಿ, ಕೇಳಿದಳು:

"ಕಾಳು ಬಿಸಿ ಇದೆ. ಹಾಕ್ಲಾ?"